ಗಂಡಸರನ್ನು ಅಳಿಸಿದ ಕನ್ನಡ ಚಿತ್ರಗಳು: ಊಟ ಬಿಟ್ಟೆದ್ದ ರಾಜೀವನಿಂದ ಚಾರ್ಲಿಯವರೆಗೆ

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದ ತಲೆಮಾರು ನನ್ನದು. ಆ ಗಾದೆಯ ಮೊದಲ ಭಾಗ ಹೆಣ್ಣುಮಕ್ಕಳಿಗೆ ಮಾಡಿದ ಅನ್ಯಾಯದ ಬಗ್ಗೆ ಈಗ ಸಾಕಷ್ಟು ಜನ ಬರೆದಿದ್ದಾರೆ, ಬರೆಯಲೇಬೇಕಿತ್ತು. ಎರಡನೆಯ ಭಾಗ ಗಂಡಸರಿಗೆ ಮಾಡಿದ್ದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹೆಣದ ಸುತ್ತ ಕೂತು ಅಳುತ್ತಿದ್ದರೆ, ಗಂಡಸರಿಗೆ ಬಿದಿರು ತರುವುದು, ಸೌದೆಗೆ ಹೇಳುವುದು, ದೂರದ ನೆಂಟರಿಗೆ ಸುದ್ದಿ ಮುಟ್ಟಿಸುವುದು ಎಂದು ಒಂದಲ್ಲ ಒಂದು ಕೆಲಸ ಸಿದ್ಧವಾಗಿರುತ್ತದೆ. ಎಲ್ಲ ಮುಗಿದು ಹದಿಮೂರು ದಿನ ಕಳೆಯುವಷ್ಟರಲ್ಲಿ ಅಳುವುದಕ್ಕೆ ಇದ್ದ ಹೊತ್ತೂ ಕಳೆದುಹೋಗಿರುತ್ತದೆ. ಹೀಗೆ ಉಳಿದುಹೋದ ಕಣ್ಣೀರಿನ ಒಂದಷ್ಟು ಪಾಲನ್ನು ನಮ್ಮ ಊರುಗಳ ಗಂಡಸರು ಟಾಕೀಸಿನ ಕತ್ತಲಲ್ಲಿ ಸುರಿಸಿದ್ದಾರೆ ಎಂಬುದು ನಾನು ಬಹಳ ಕಾಲದಿಂದ ಕಂಡುಕೊಂಡಿರುವ ಸಂಗತಿ. ಯಾವ ಚಿತ್ರಗಳು ಅವರನ್ನು ಅಳಿಸಿದವು, ಆ ಚಿತ್ರಗಳ ಯಾವ ಗಳಿಗೆಯಲ್ಲಿ ಅವರು ಅತ್ತರು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆ, ಅಪಘಾತ, ಅನಾಥ ಮಗು, ಹಿನ್ನೆಲೆಯಲ್ಲಿ ಪಿಟೀಲು ಇಷ್ಟನ್ನು ಒಟ್ಟಿಗೆ ತಂದರೆ ಯಾರ ಕಣ್ಣಾದರೂ ಒದ್ದೆಯಾಗಬಹುದು. ಅಂಥ ಚಿತ್ರಗಳು ಎಲ್ಲ ಕಾಲದಲ್ಲೂ ಬಂದಿವೆ, ಮನೆ ತಲುಪುವಷ್ಟರಲ್ಲಿ ಮರೆತೂ ಹೋಗಿವೆ. ನಾನು ಹೇಳುತ್ತಿರುವುದು ನಲವತ್ತು ಐವತ್ತು ವರ್ಷ ಕಳೆದರೂ ಗಂಡಸರು ಹೆಸರೆತ್ತಿದೊಡನೆ ದನಿ ತಗ್ಗಿಸುವ ಚಿತ್ರಗಳ ಬಗ್ಗೆ. ಅವುಗಳಲ್ಲಿ ಒಂದು ಗುಣ ಮತ್ತೆ ಮತ್ತೆ ಎದುರಾಗುತ್ತದೆ. ತೆರೆಯ ಮೇಲಿನ ನಾಯಕ ತನ್ನ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದ್ದರೆ ಎಲ್ಲವೂ ಸರಿಹೋಗುತ್ತಿತ್ತೇನೋ ಎಂಬ ಹೊತ್ತಿನಲ್ಲಿಯೂ ಅವನು ಸುಮ್ಮನಿರುತ್ತಾನೆ. ಅವನು ಅಳದೆ ಬಿಟ್ಟದ್ದನ್ನು ಕೆಳಗೆ ಕೂತ ಗಂಡಸರು ಅಳುತ್ತಾರೆ.

ಇದಕ್ಕೆ 1972ರ 'ಬಂಗಾರದ ಮನುಷ್ಯ'ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತು. ಪಟ್ಟಣದ ಕೆಲಸ ಬಿಟ್ಟು ಹೊಲಕ್ಕೆ ಮರಳಿದ ಯುವಕರ ಕಥೆ ಎಲ್ಲರಿಗೂ ಗೊತ್ತಿದೆ. ಬಂಡೆ ಒಡೆದು ಬೆಳೆ ತೆಗೆಯುವ ರಾಜ್‌ಕುಮಾರ್ ಅವರ ಚಿತ್ರ ಕ್ಯಾಲೆಂಡರುಗಳಲ್ಲಿ, ಹೋಟೆಲಿನ ಗೋಡೆಗಳಲ್ಲಿ, ಆಟೋಗಳ ಹಿಂಬದಿಯಲ್ಲಿ ನೆಲೆ ನಿಂತಿದೆ. ಆದರೆ ಆ ಚಿತ್ರ ಗಂಡಸರನ್ನು ಅಳಿಸಿದ್ದು ಹೊಲದಲ್ಲಿ ಅಲ್ಲ, ಊಟದ ಮನೆಯಲ್ಲಿ.

ಕಥೆಯ ಆ ಎಳೆಯನ್ನು ನೆನಪಿಸಿಕೊಳ್ಳೋಣ. ಭಾವ ತೀರಿಕೊಂಡಾಗ ರಾಜೀವ ಅಕ್ಕನ ಊರಿಗೆ ಬರುತ್ತಾನೆ, ಅಕ್ಕನ ಮಕ್ಕಳನ್ನು ತನ್ನ ಮಕ್ಕಳಂತೆ ನೋಡಿಕೊಳ್ಳುತ್ತಾನೆ, ಬೀಳು ಬಿದ್ದ ನೆಲವನ್ನು ಹಸನು ಮಾಡುತ್ತಾನೆ, ಮದುವೆಯಾದ ಲಕ್ಷ್ಮಿಯನ್ನು ಬಹಳ ಬೇಗ ಕಳೆದುಕೊಳ್ಳುತ್ತಾನೆ. ಇದೆಲ್ಲದರ ನಡುವೆ ಅವನಿಗೆ ಒಂದು ಗುಟ್ಟು ತಿಳಿದಿರುತ್ತದೆ. ತೀರಿಹೋದ ಭಾವನಿಗೆ ಶರಾವತಿ ಎಂಬ ಇನ್ನೊಬ್ಬ ಹೆಂಡತಿ ಇದ್ದಾಳೆ. ಅಕ್ಕನಿಗೆ ಈ ವಿಷಯ ತಿಳಿದರೆ ಗಂಡನ ನೆನಪೂ ಅವಳ ಪಾಲಿಗೆ ಉಳಿಯುವುದಿಲ್ಲ ಎಂದು ರಾಜೀವ ಅದನ್ನು ಯಾರಿಗೂ ಹೇಳದೆ ಆ ಇನ್ನೊಂದು ಸಂಸಾರಕ್ಕೂ ಆಸರೆಯಾಗಿ ನಿಲ್ಲುತ್ತಾನೆ. ಅವನು ಓದಿಸಿ ಬೆಳೆಸಿದ ಸೋದರಳಿಯ ಕೇಶವನ ಕಣ್ಣಿಗೆ ಇದು ಬೇರೆಯದೇ ಬಗೆಯಲ್ಲಿ ಕಾಣುತ್ತದೆ. ಮಾವ ಮನೆಯ ಹಣವನ್ನು ಯಾವಳಿಗೋ ಸುರಿಯುತ್ತಿದ್ದಾನೆ ಎಂದು ಅವನು ತೀರ್ಮಾನಿಸುತ್ತಾನೆ, ಮಾವ ಊಟಕ್ಕೆ ಕೂತ ಹೊತ್ತಿನಲ್ಲಿ ಹಂಗಿಸುತ್ತಾನೆ.

ಒಂದೇ ಒಂದು ವಾಕ್ಯ ಸಾಕಾಗಿತ್ತು. ಅವಳು ನಿನ್ನ ತಂದೆಯ ಹೆಂಡತಿ ಎಂದಿದ್ದರೆ ಕೇಶವ ಅಲ್ಲೇ ಕುಸಿಯುತ್ತಿದ್ದ. ಆದರೆ ಆ ವಾಕ್ಯ ಅಕ್ಕನ ಕಿವಿಗೂ ಬೀಳುತ್ತಿತ್ತು. ರಾಜೀವ ಕೈಯಲ್ಲಿದ್ದ ತುತ್ತನ್ನು ಬಿಟ್ಟು ಏಳುತ್ತಾನೆ, ತಾನು ಕಟ್ಟಿದ ಮನೆಯನ್ನೂ ತಾನು ಬೆಳೆಸಿದ ತೋಟವನ್ನೂ ಬಿಟ್ಟು ಊರಿನಿಂದಾಚೆ ನಡೆದುಬಿಡುತ್ತಾನೆ. ರಾಜ್‌ಕುಮಾರ್ ಆ ದೃಶ್ಯದಲ್ಲಿ ಎದೆ ಬಡಿದುಕೊಳ್ಳುವುದಿಲ್ಲ, ದೇವರ ಪಟದ ಮುಂದೆ ನಿಂತು ಗೋಗರೆಯುವುದಿಲ್ಲ. ಆ ಕಾಲದ ನಟನೆಯ ರೂಢಿಯಲ್ಲಿ ಅದಕ್ಕೆಲ್ಲ ಅವಕಾಶವಿತ್ತು, ಪ್ರೇಕ್ಷಕರು ಮೆಚ್ಚಿಯೂ ಇರುತ್ತಿದ್ದರು. ಅವರು ಅದನ್ನು ಬಳಸಿಕೊಳ್ಳದೆ ಬಿಟ್ಟದ್ದನ್ನು ನಾನು ಅವರ ಅಭಿನಯದ ದೊಡ್ಡ ಗಳಿಗೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಅನ್ನದ ಮುಂದೆ ಕೂತವನನ್ನು ಬೈಯಬಾರದು, ಉಣ್ಣುವವನನ್ನು ಎಬ್ಬಿಸಬಾರದು ಎಂಬುದು ನಮ್ಮ ಮನೆಗಳಲ್ಲಿ ಬರೆಯದ ಕಟ್ಟಳೆ. ಆ ಕಟ್ಟಳೆ ಮುರಿದು ಬೀಳುವುದನ್ನು ನೋಡುವಾಗ ಹಳ್ಳಿಯ ಗಂಡಸಿಗೆ ಆಗುವ ನೋವನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಬರುವುದಿಲ್ಲ.

ನಮ್ಮ ದೊಡ್ಡಪ್ಪ ಈ ಚಿತ್ರವನ್ನು ಎಷ್ಟು ಸಲ ನೋಡಿದ್ದರೋ ಲೆಕ್ಕವಿಲ್ಲ, ಆದರೆ ನನಗೆ ತಿಳಿದಂತೆ ಒಮ್ಮೆಯೂ ಪೂರ್ತಿ ನೋಡಿದವರಲ್ಲ. ಭಾನುವಾರ ಸಂಜೆ ದೂರದರ್ಶನದಲ್ಲಿ ಹಾಕಿದಾಗ ನಮ್ಮ ಹಜಾರದಲ್ಲಿ ಅಕ್ಕಪಕ್ಕದವರೆಲ್ಲ ಸೇರುತ್ತಿದ್ದರು. ದೊಡ್ಡಪ್ಪ ಕಂಬಕ್ಕೆ ಒರಗಿ ಕೂತು, ಹಾಡುಗಳಿಗೆ ತೊಡೆಯ ಮೇಲೆ ತಾಳ ಹಾಕುತ್ತ, ಬಾಲಕೃಷ್ಣ ತೆರೆಯ ಮೇಲೆ ಬಂದಾಗ ಬಾಯ್ತುಂಬ ನಗುತ್ತ ನೋಡುತ್ತಿದ್ದರು. ಕೊನೆಕೊನೆಗೆ, ಊಟಕ್ಕೆ ಕೂರುವ ದೃಶ್ಯ ಇನ್ನೇನು ಬರಬೇಕು ಎನ್ನುವಾಗ, ಹೆಗಲ ಮೇಲಿನ ಟವೆಲ್ಲನ್ನು ಕೊಡವಿ ಎದ್ದು, "ಹಸುಗೆ ಹುಲ್ಲು ಹಾಕಿಲ್ಲ ಕಣೋ" ಎಂದು ಹಿತ್ತಲಿನ ಕಡೆ ನಡೆಯುತ್ತಿದ್ದರು. ಹುಲ್ಲು ಹಾಕಿ ಆಗಲೇ ಬಹಳ ಹೊತ್ತಾಗಿರುತ್ತಿತ್ತು. ದೊಡ್ಡಮ್ಮ ಅವರ ಹಿಂದೆ ಹೋಗುತ್ತಿರಲಿಲ್ಲ, ನಮ್ಮನ್ನೂ ಹೋಗಗೊಡುತ್ತಿರಲಿಲ್ಲ.

ತಮ್ಮಂದಿರನ್ನು ಓದಿಸಲೆಂದು ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟು ರೈಸ್ ಮಿಲ್ಲಿಗೆ ಸೇರಿದವರು ಅವರು. ಆಸ್ತಿ ಹಿಸ್ಸೆಯಾದ ದಿನ ತಮ್ಮಂದಿರಲ್ಲಿ ಒಬ್ಬರು ಎಲ್ಲರೆದುರು ಇಷ್ಟು ವರ್ಷದ ಲೆಕ್ಕ ಕೇಳಿದ್ದರಂತೆ. ದೊಡ್ಡಪ್ಪ ಒಳಗೆ ಹೋಗಿ ಲೆಕ್ಕದ ಪುಸ್ತಕ ತಂದು ಜಮಖಾನದ ಮೇಲಿಟ್ಟು, ಮಾತಾಡದೆ ಮಿಲ್ಲಿಗೆ ಹೊರಟುಹೋದರಂತೆ. ಇದನ್ನು ನನಗೆ ಹೇಳಿದ್ದು ನಮ್ಮ ತಾಯಿ, ದೊಡ್ಡಪ್ಪ ತೀರಿಕೊಂಡ ಮೇಲೆ. ಆ ಮನುಷ್ಯ ಹಿತ್ತಲಿನಲ್ಲಿ ನಿಂತು ಏನು ಮಾಡುತ್ತಿದ್ದರು ಎಂಬುದು ಆಗ ತಿಳಿಯಿತು. ಲೆಕ್ಕ ಕೇಳಿಸಿಕೊಂಡ ಅಣ್ಣಂದಿರು ಕರ್ನಾಟಕದ ಪ್ರತಿ ಊರಿನಲ್ಲೂ ಇದ್ದರು, ಈಗಲೂ ಇದ್ದಾರೆ. ಆ ಚಿತ್ರ ಎರಡು ವರ್ಷ ಓಡಿದ್ದಕ್ಕೆ ಬೇಸಾಯದ ಆದರ್ಶದಷ್ಟೇ ಈ ಅಣ್ಣಂದಿರೂ ಕಾರಣ ಎಂದು ನಾನು ನಂಬಿದ್ದೇನೆ.

ಅದಕ್ಕೂ ಒಂದು ವರ್ಷ ಮೊದಲು, 1971ರಲ್ಲಿ, ದೊರೆ-ಭಗವಾನ್ ಜೋಡಿಯ 'ಕಸ್ತೂರಿ ನಿವಾಸ' ಬಂದಿತ್ತು. ಜಿ. ಬಾಲಸುಬ್ರಹ್ಮಣ್ಯಂ ಅವರ ಈ ಕಥೆ ಮುಂದೆ ಶಿವಾಜಿ ಗಣೇಶನ್ ಅವರ ಅಭಿನಯದಲ್ಲಿ ತಮಿಳಿಗೂ, ಸಂಜೀವ್ ಕುಮಾರ್ ಅವರ ಅಭಿನಯದಲ್ಲಿ ಹಿಂದಿಗೂ ಹೋಯಿತು. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರವಿವರ್ಮ ಕೇಳಿದವರಿಗೆ ಇಲ್ಲವೆನ್ನದ ಮನೆತನದವನು. ಅವನ ನೆರಳಿನಲ್ಲೇ ಬೆಳೆದವನು ದೊಡ್ಡ ಉದ್ಯಮಿಯಾಗುತ್ತಾನೆ, ರವಿವರ್ಮ ಕಾರ್ಖಾನೆ ಕಳೆದುಕೊಂಡು, ಮನೆ ಕಳೆದುಕೊಂಡು ಬಡವನಾಗುತ್ತಾನೆ. ಇಷ್ಟಕ್ಕೇ ಯಾರೂ ಅಳಬೇಕಾಗಿಲ್ಲ. ವ್ಯಾಪಾರದಲ್ಲಿ ಏಳುಬೀಳು ಇದ್ದದ್ದೇ. ಅವನ ಬಳಿ ಕೊನೆಗೆ ಉಳಿಯುವುದು ಒಂದು ಪಾರಿವಾಳ. ಮನೆಗೆ ಬಂದ ಆ ಉದ್ಯಮಿಯ ಹೆಂಡತಿ ನೀಲಾಳಿಗೆ ಊಟ ಬಡಿಸಲು ಏನೂ ಇಲ್ಲದೆ ಅದನ್ನೂ ಮಾರಿ ಅವನು ಅತಿಥಿ ಸತ್ಕಾರ ಮಾಡುತ್ತಾನೆ. ಉಂಡ ಮೇಲೆ ಅವಳು ತಾನು ಬಂದ ಕಾರಣ ಹೇಳುತ್ತಾಳೆ. ಮಗುವಿಗೆ ಆ ಪಾರಿವಾಳ ಬೇಕಾಗಿದೆ.

ಈ ತಿರುವಿನ ಕಟ್ಟಡವನ್ನು ನಾನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ, ಪ್ರತಿಸಲವೂ ಬೆರಗಾಗಿದ್ದೇನೆ. ಎಲ್ಲವನ್ನೂ ಕೊಟ್ಟು ಬರಿಗೈಯಾದಾಗ ರವಿವರ್ಮ ಕುಸಿಯಲಿಲ್ಲ. ಜೀವನದಲ್ಲಿ ಮೊದಲ ಸಲ ಇಲ್ಲ ಎನ್ನಬೇಕಾಗಿ ಬಂದಾಗ ಅವನ ಪ್ರಾಣವೇ ಹೋಗುತ್ತದೆ. ನೋಡುವ ಗಂಡಸಿಗೆ ಇದು ತಾಕುವ ಜಾಗವೇ ಬೇರೆ. ಮಗಳು ಕೇಳಿದ್ದನ್ನು ಕೊಡಿಸಲಾಗದೆ ಅಂಗಡಿಯ ಮುಂದಿನಿಂದ ಬೇಗ ಬೇಗ ಹೆಜ್ಜೆ ಹಾಕಿದ ತಂದೆ, ತಂಗಿಯ ಮದುವೆಗೆ ಒಪ್ಪಿಕೊಂಡ ಒಡವೆಯನ್ನು ಹೊಂದಿಸಲಾಗದೆ ಒದ್ದಾಡಿದ ಅಣ್ಣ, ತಿಂಗಳ ಕೊನೆಯಲ್ಲಿ ಅಮ್ಮನ ಔಷಧಿಗೆ ಕೈಸಾಲ ಮಾಡಿದ ಮಗ, ಇವರೆಲ್ಲರಿಗೂ ಇಲ್ಲ ಎನ್ನುವ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುವುದು ಗೊತ್ತು. ತಮ್ಮ ಬಡತನಕ್ಕಾಗಿ ಅಳಲು ನಾಚಿದವರು ರವಿವರ್ಮನ ಬಡತನಕ್ಕಾಗಿ ಮನಸಾರೆ ಅತ್ತರು. ಚಿ. ಉದಯಶಂಕರ್ ಬರೆದ, ಜಿ.ಕೆ. ವೆಂಕಟೇಶ್ ರಾಗ ಹಾಕಿದ, ಪಿ.ಬಿ. ಶ್ರೀನಿವಾಸ್ ಹಾಡಿದ ಗೊಂಬೆಯ ಹಾಡು ಚಿತ್ರದಲ್ಲಿ ಸಂತೋಷದ ಹೊತ್ತಿನಲ್ಲೂ ಬರುತ್ತದೆ, ದುಃಖದ ಹೊತ್ತಿನಲ್ಲೂ ಬರುತ್ತದೆ. ಎರಡನೆಯ ಸಲ ಕೇಳುವಾಗ ಮೊದಲ ಸಲದ ನಗು ನೆನಪಾಗುವುದರಿಂದಲೇ ಆ ಹಾಡು ಅಷ್ಟು ಆಳಕ್ಕೆ ಇಳಿಯುತ್ತದೆ.

ಕಪ್ಪು-ಬಿಳುಪಿನ ಆ ಚಿತ್ರಕ್ಕೆ ಬಣ್ಣ ತುಂಬಿ 2014ರಲ್ಲಿ ಮತ್ತೆ ತೆರೆಗೆ ತಂದಾಗ ನಾನೂ ಹೋಗಿದ್ದೆ. ಬಣ್ಣದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಕಪ್ಪು-ಬಿಳುಪಿನಲ್ಲೇ ಅದು ಚೆನ್ನಾಗಿತ್ತು. ಸುತ್ತ ಕೂತಿದ್ದವರಲ್ಲಿ ಅರುವತ್ತು ದಾಟಿದವರೇ ಹೆಚ್ಚು. ಕಥೆಯ ಪ್ರತಿಯೊಂದು ತಿರುವೂ ಅವರಿಗೆ ಬಾಯಿಪಾಠ. ಆದರೂ ಪಾರಿವಾಳದ ದೃಶ್ಯ ಬಂದಾಗ ನನ್ನ ಮುಂದಿನ ಸಾಲಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಕನ್ನಡಕ ತೆಗೆದರು. ಮುಂದೇನಾಗುತ್ತದೆ ಎಂದು ತಿಳಿದಿದ್ದಾಗ ಅಳು ಕಡಿಮೆಯಾಗಬೇಕು ಎಂದು ತರ್ಕ ಹೇಳುತ್ತದೆ, ಆಗುವುದು ಮಾತ್ರ ಅದಕ್ಕೆ ವಿರುದ್ಧ. ಮೊದಲ ಸಲ ನೋಡುವವರು ಪಾರಿವಾಳ ಮಾರಿದ ಮೇಲೆ ಅಳುತ್ತಾರೆ, ಹತ್ತನೆಯ ಸಲ ನೋಡುವವರು ನೀಲಾ ಬಾಗಿಲಿಗೆ ಬಂದಾಗಲೇ ಅಳಲು ತೊಡಗುತ್ತಾರೆ.

ಸಿನಿಮಾ ಬರುವುದಕ್ಕೆ ಎಷ್ಟೋ ಮುಂಚೆಯೇ ನಮ್ಮ ನಾಡಿನಲ್ಲಿ ಗಂಡಸರಿಗೆ ಅಳಲು ಜಾಗಗಳಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಭರತನ ನಾಟ್ಯಶಾಸ್ತ್ರ ತಾನಾಗಿ ಒದಗುವ ಎಂಟು ಸಾತ್ವಿಕ ಭಾವಗಳಲ್ಲಿ ಕಣ್ಣೀರನ್ನೂ ಸೇರಿಸುತ್ತದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಗಮಕಿಗಳು ವಾಚಿಸುವಾಗ, ಸತ್ತ ಮಗನನ್ನು ಹೊತ್ತು ಸುಡುಗಾಡಿಗೆ ಬಂದ ಚಂದ್ರಮತಿಯಿಂದ ಹೆಣ ಸುಡುವ ತೆರಿಗೆ ಕೇಳಬೇಕಾದ ಹರಿಶ್ಚಂದ್ರನ ಭಾಗ ಬಂದಾಗ ಅರಳಿಕಟ್ಟೆಯ ಮೇಲಿದ್ದವರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡದ್ದನ್ನು ಹಿರಿಯರು ಹೇಳುತ್ತಿದ್ದರು. ಪಂಪನಿಂದ ಹಿಡಿದು ಯಕ್ಷಗಾನದ ಪ್ರಸಂಗಗಳವರೆಗೆ ಕರ್ಣನಿಗೆ ಸಿಕ್ಕಿರುವ ಪ್ರೀತಿ ನೋಡಿ. ತಾನು ಪಾಂಡವರ ಅಣ್ಣ ಎಂದು ತಿಳಿದ ಮೇಲೂ ಅದನ್ನು ಬಯಲು ಮಾಡದೆ, ಉಂಡ ಮನೆಗೆ ಎರಡು ಬಗೆಯದೆ ಸತ್ತವನು ಅವನು. ರಾಜೀವನಿಗೂ ರವಿವರ್ಮನಿಗೂ ಅವನೇ ಹಿರಿಯಣ್ಣ. ಕೊಡುಗೈ, ಬಿಗಿದ ಬಾಯಿ, ಕೊನೆಗೆ ಒಂಟಿತನ ಎಂಬ ಈ ಅಚ್ಚು ಕನ್ನಡಿಗರ ಮನಸ್ಸಿನಲ್ಲಿ ಸಾವಿರ ವರ್ಷಗಳಿಂದ ಇದ್ದುದರಿಂದಲೇ ಸಿನಿಮಾ ಅದನ್ನು ಮುಟ್ಟಿದೊಡನೆ ಟಾಕೀಸಿಗೆ ಟಾಕೀಸೇ ಕರಗಿತು ಎನಿಸುತ್ತದೆ.

ವಿಷ್ಣುವರ್ಧನ್ ಈ ಅಚ್ಚಿಗೆ ಸಿಟ್ಟನ್ನು ಬೆರೆಸಿದರು. ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ 'ನಾಗರಹಾವು' ಚಿತ್ರದ ರಾಮಾಚಾರಿ ಯಾರ ಮಾತನ್ನೂ ಕೇಳದವನು, ಚಾಮಯ್ಯ ಮೇಷ್ಟ್ರ ಒಂದು ಮಾತಿಗೆ ಮಾತ್ರ ಪ್ರೀತಿಸಿದವಳನ್ನೇ ಬಿಟ್ಟುಕೊಡುತ್ತಾನೆ. ಮಕ್ಕಳಿಲ್ಲದ ಮೇಷ್ಟ್ರಿಗೂ ತಂದೆಯ ಮಾತಿಗೆ ಬಗ್ಗದ ಹುಡುಗನಿಗೂ ನಡುವೆ ಇರುವ ಪ್ರೀತಿಯನ್ನು ಅಶ್ವತ್ಥ್ ಮತ್ತು ವಿಷ್ಣುವರ್ಧನ್ ತೋರಿಸಿದಷ್ಟು ಚೆನ್ನಾಗಿ, ಗಂಡಸು ಗಂಡಸನ್ನು ಮಗನಂತೆ, ತಂದೆಯಂತೆ ಹಚ್ಚಿಕೊಳ್ಳುವುದನ್ನು ನಮ್ಮ ಬೇರೆ ಚಿತ್ರಗಳು ತೋರಿಸಿದ್ದು ಅಪರೂಪ. ಚಿತ್ರದುರ್ಗದ ಬೆಟ್ಟದ ಮೇಲೆ ಅದೇ ಮೇಷ್ಟ್ರು ಅದೇ ಶಿಷ್ಯನ ಕೈಯಿಂದಲೇ ಪ್ರಾಣ ಕಳೆದುಕೊಳ್ಳುವ ಕೊನೆಯನ್ನು ನೋಡಿ ಬಂದ ಮೇಲೆ ತಮ್ಮ ಹಳೆಯ ಮೇಷ್ಟ್ರನ್ನು ಹುಡುಕಿಕೊಂಡು ಹೋದವರನ್ನು ನಾನು ಬಲ್ಲೆ. 1984ರ 'ಬಂಧನ'ದಲ್ಲಿ ಒಳಗೊಳಗೇ ಪ್ರೀತಿಸಿದವಳನ್ನು ಕಳೆದುಕೊಳ್ಳುವ ಡಾಕ್ಟರ್ ಹರೀಶ್ ಬಗ್ಗೆ ನಾನು ಹೆಚ್ಚು ಬರೆಯಬೇಕಾಗಿಲ್ಲ, ಆ ಕಾಲದ ಹಾಸ್ಟೆಲ್ ಹುಡುಗರೆಲ್ಲ ಅವನಾಗಿದ್ದರು. ಆ ಚಿತ್ರದ ಹಾಡು ಇಂದಿಗೂ ರಾತ್ರಿ ಬಸ್ಸುಗಳಲ್ಲಿ ಬಂದರೆ ಚಾಲಕ ದನಿ ಹೆಚ್ಚಿಸುತ್ತಾನೆ.

ಈ ಮೌನದ ಸಾಲಿಗೆ ಸೇರದೆಯೂ ಗಂಡಸರನ್ನು ಬಹಳವಾಗಿ ಅಳಿಸಿದ ಚಿತ್ರವೆಂದರೆ 2005ರ 'ಜೋಗಿ'. ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬಂದ ಹಳ್ಳಿಯ ತಾಯಿ, ಅದೇ ಊರಿನಲ್ಲಿ ರೌಡಿಯಾಗಿ ಹೆಸರು ಮಾಡಿದ ಮಗ, ಇವರಿಬ್ಬರೂ ಕೈಗೆಟಕುವಷ್ಟು ಹತ್ತಿರ ಬಂದು ತಪ್ಪಿಹೋಗುತ್ತಾರೆ. ಕೊನೆಯಲ್ಲಿ ದಾರಿಯಲ್ಲಿ ಹೋಗುತ್ತಿರುವ ಹೆಣದ ಮುಂದೆ ಮಗ ತಮಟೆಯ ಸದ್ದಿಗೆ ಕುಣಿಯುತ್ತಾನೆ, ಅದು ತನ್ನ ತಾಯಿಯ ಹೆಣವೆಂದು ಅವನಿಗೆ ತಿಳಿದಿಲ್ಲ. ನಿರ್ದೇಶಕ ಪ್ರೇಮ್ ಭಾವವನ್ನು ಅಗತ್ಯಕ್ಕಿಂತ ಹೆಚ್ಚು ಹಿಂಡಿದರು ಎಂಬ ಟೀಕೆ ಅಂದೂ ಇತ್ತು. ನಾನು ಅದನ್ನು ಒಪ್ಪುವುದಿಲ್ಲ. ಶಿವರಾಜ್‌ಕುಮಾರ್ ಅಲ್ಲಿ ಕುಣಿಯುವುದು ಒಂದು ಅನಾಥ ಹೆಣಕ್ಕೆ ಮರ್ಯಾದೆ ಸಲ್ಲಿಸಲು. ಆ ಒಳ್ಳೆಯತನದ ಒಳಗೇ ಭಯಂಕರವಾದ ಸತ್ಯ ಅಡಗಿದೆ, ಪ್ರೇಕ್ಷಕನಿಗೆ ತಿಳಿದಿದೆ, ಕೂಗಿ ಹೇಳೋಣವೆಂದರೆ ತೆರೆ ಅಡ್ಡವಿದೆ. ಊರು ಬಿಟ್ಟು ಬೆಂಗಳೂರಿನ ಗಾರೆ ಕೆಲಸಕ್ಕೆ, ಹೋಟೆಲಿಗೆ, ಸೆಕ್ಯುರಿಟಿ ಕೆಲಸಕ್ಕೆ ಬಂದ ಸಾವಿರಾರು ಹುಡುಗರು ಆಗ ಗಾಂಧಿನಗರದ ಟಾಕೀಸುಗಳಲ್ಲಿ ಕೂತಿದ್ದರು. ಹಬ್ಬಕ್ಕೆ ಬರುತ್ತೇನೆ ಎಂದು ತಾಯಿಗೆ ಹೇಳಿ ಹೋಗದೆ ಉಳಿದವರು ಅವರಲ್ಲಿ ಕಡಿಮೆ ಇರಲಿಲ್ಲ.

ಗಿರೀಶ ಕಾಸರವಳ್ಳಿಯವರ 'ತಬರನ ಕಥೆ'ಯಲ್ಲಿ ಬರುವ ಕಣ್ಣೀರಿನ ಜಾತಿಯೇ ಬೇರೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯ ತಬರಶೆಟ್ಟಿ ಸರ್ಕಾರಕ್ಕೆ ಜೀವಮಾನವಿಡೀ ದುಡಿದವನು, ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿರುವಾಗ ತನ್ನದೇ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಚಾರುಹಾಸನ್ ಅವರಿಗೆ ಇದಕ್ಕಾಗಿ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲವೂ ಬಂತು. ದಿಕ್ಕು ತೋಚದೆ ಅವನು ಹೆಂಡತಿಯ ಕಾಲು ಕತ್ತರಿಸಿಕೊಡಲು ಕಸಾಯಿಯವನನ್ನು ಕೇಳುವ ಗಳಿಗೆಯಲ್ಲಿ ಬರುವ ನೀರು ಕಣ್ಣನ್ನು ತಂಪು ಮಾಡುವುದಿಲ್ಲ, ಉರಿಸುತ್ತದೆ. ಕಚೇರಿಗಳ ಮುಂದೆ ಕಾಗದ ಹಿಡಿದು ನಿಂತು ಗೊತ್ತಿರುವವರು ಈ ಚಿತ್ರವನ್ನು ಎರಡನೆಯ ಸಲ ನೋಡಲು ಹಿಂಜರಿಯುತ್ತಾರೆ.

ಈಗಿನ ಕಾಲಕ್ಕೆ ಬಂದರೆ ಒಂದು ದೊಡ್ಡ ಬದಲಾವಣೆ ಕಾಣುತ್ತದೆ. ಹಿಂದಿನ ಚಿತ್ರಗಳು ಕೊಟ್ಟವನ ಕಡೆಯಿಂದ ಕಥೆ ಹೇಳಿದವು. ಹೇಮಂತ್ ರಾವ್ ನಿರ್ದೇಶನದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' 2016ರಲ್ಲಿ ಪಡೆದುಕೊಂಡವನ ಕಡೆಯಿಂದ ಹೇಳಿತು. ಅನಂತನಾಗ್ ಅಭಿನಯಿಸಿದ ವೆಂಕೋಬರಾಯರು ಮರೆವಿನ ಕಾಯಿಲೆಗೆ ತುತ್ತಾದ ತಂದೆ. ರಕ್ಷಿತ್ ಶೆಟ್ಟಿಯವರ ಶಿವ ಅವರನ್ನು ಆರೈಕೆಯ ಮನೆಯೊಂದರಲ್ಲಿ ಬಿಟ್ಟು ಮುಂಬೈಯಲ್ಲಿ ಕೆಲಸಕ್ಕಿರುವ ಮಗ. ಊರಿಗೆ ಬಂದ ಮಗ ತಂದೆಯನ್ನು ಹೊರಗೆ ಕರೆದುಕೊಂಡು ಹೋಗುತ್ತಾನೆ, ತನ್ನ ಅಸಡ್ಡೆಯಿಂದಲೇ ಅವರನ್ನು ಕಳೆದುಕೊಳ್ಳುತ್ತಾನೆ. ಕಾಣೆಯಾದವರ ಜಾಹೀರಾತಿನಲ್ಲಿ ಬರುವ ಮಾಮೂಲಿ ಸಾಲೇ ಚಿತ್ರದ ಹೆಸರು. ಜನಿಸಿದಂದಿನಿಂದ ಕಂಡ ತಂದೆಯನ್ನು ಅಪರಿಚಿತರಿಗೆ ವಿವರಿಸಬೇಕಾದಾಗ ಮಗನ ಬಳಿ ಬಣ್ಣ, ಮೈಕಟ್ಟು, ತೊಟ್ಟಿದ್ದ ಬಟ್ಟೆ ಇಷ್ಟನ್ನು ಬಿಟ್ಟು ಬೇರೆ ಮಾತೇ ಇಲ್ಲ. ಅವರಿಗೆ ಏನು ಇಷ್ಟ, ಅವರು ತಾಯಿಯನ್ನು ಹೇಗೆ ಪ್ರೀತಿಸಿದರು, ಅವರ ಗೆಳೆಯರು ಯಾರು ಎಂಬುದೆಲ್ಲ ಹುಡುಕಾಟದ ದಾರಿಯಲ್ಲಿ ಬೇರೆಯವರ ಬಾಯಿಂದ ತಿಳಿಯಬೇಕಾಗುತ್ತದೆ.

ನನ್ನ ವಯಸ್ಸಿನ ಗಂಡಸರನ್ನು ಇಷ್ಟು ತೀವ್ರವಾಗಿ ತಟ್ಟಿದ ಇನ್ನೊಂದು ಕನ್ನಡ ಚಿತ್ರ ಇತ್ತೀಚೆಗೆ ಬಂದಿಲ್ಲ. ಊರಿನಲ್ಲಿ ತಂದೆತಾಯಿಯನ್ನು ಬಿಟ್ಟು ಬೆಂಗಳೂರು, ಪುಣೆ, ದುಬೈ, ಅಮೆರಿಕ ಸೇರಿದ ಮಕ್ಕಳು ನಾವು. ತಿಂಗಳಿಗೆ ಸರಿಯಾಗಿ ಹಣ ಹೋಗುತ್ತದೆ, ಭಾನುವಾರ ಸರಿಯಾಗಿ ಫೋನ್ ಹೋಗುತ್ತದೆ. ಅಮ್ಮನ ಜೊತೆ ಅರ್ಧ ಗಂಟೆ ಮಾತಾಡಿ, ಅಪ್ಪನ ಕೈಗೆ ಫೋನ್ ಹೋದಾಗ "ಮಳೆ ಬಂತಾ ಅಪ್ಪಾ?" ಎಂದು ಕೇಳಿ ಮುಗಿಸುವ ರೂಢಿ ಎಷ್ಟು ಮನೆಗಳದ್ದೋ. ಅನಂತನಾಗ್ ತಮ್ಮ ಪಾತ್ರಕ್ಕೆ ಎಲ್ಲಿಯೂ ಕರುಣೆ ಬೇಡುವುದಿಲ್ಲ. ಗೊತ್ತಿಲ್ಲದವರ ಜೊತೆ ಗೊತ್ತಿಲ್ಲದ ಜಾಗದಲ್ಲಿದ್ದಾಗಲೂ ಅವರ ಮುಖದ ಮೇಲೆ ಸಭ್ಯ ಗೃಹಸ್ಥನ ಸೌಜನ್ಯವೇ ಇರುತ್ತದೆ. ಮನಸ್ಸಿನಿಂದ ಹೆಸರುಗಳು ಅಳಿಸಿಹೋದರೂ ಸ್ವಭಾವ ಅಳಿಸಿಹೋಗಿಲ್ಲ ಎಂಬುದನ್ನು ಅವರು ಕಣ್ಣಿನಲ್ಲೇ ತೋರಿಸುತ್ತಾರೆ. ರಾಜೀವ ಹೇಳದೆ ಹೋದದ್ದನ್ನು ಕೇಶವ ಮುಂದೊಂದು ದಿನ ತಿಳಿದುಕೊಳ್ಳಬಹುದಿತ್ತು. ವೆಂಕೋಬರಾಯರು ಹೇಳದೆ ಉಳಿಸಿದ್ದು ಅವರಿಗೇ ಮರೆತುಹೋಗುತ್ತಿದೆ, ಮಗನಿಗೆ ಕೇಳಿಸಿಕೊಳ್ಳಲು ಇರುವ ಸಮಯ ದಿನದಿನಕ್ಕೆ ಕಡಿಮೆಯಾಗುತ್ತಿದೆ.

ಎರಡನೆಯ ಬದಲಾವಣೆ 2022ರ ಜೂನ್‌ನಲ್ಲಿ ತೆರೆಕಂಡ '777 ಚಾರ್ಲಿ'ಯದು. ಕಿರಣ್‌ರಾಜ್ ನಿರ್ದೇಶಿಸಿದ ಈ ಚಿತ್ರದ ಧರ್ಮ ಎಳೆಯ ವಯಸ್ಸಿನಲ್ಲೇ ತನ್ನವರನ್ನು ಕಳೆದುಕೊಂಡು, ಕಾರ್ಖಾನೆ, ಮನೆ, ಇಡ್ಲಿ, ಚಾಪ್ಲಿನ್ ಚಿತ್ರ ಇಷ್ಟರಲ್ಲೇ ಬದುಕನ್ನು ಬಿಗಿದುಕೊಂಡವನು. ನಾಯಿಗಳ ಅಕ್ರಮ ಸಂತಾನೋತ್ಪತ್ತಿ ನಡೆಸುವವನಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್ ಒಂದು ಅವನ ಮನೆ ಸೇರುತ್ತದೆ. ಅದಕ್ಕೆ ಕ್ಯಾನ್ಸರ್ ಎಂದು ತಿಳಿದ ಮೇಲೆ, ಟಿವಿಯಲ್ಲಿ ಹಿಮ ಕಂಡರೆ ಕುಣಿಯುವ ಅದಕ್ಕೆ ನಿಜವಾದ ಹಿಮ ತೋರಿಸಲು ಧರ್ಮ ಮೋಟಾರ್ ಬೈಕಿನ ಪಕ್ಕದ ತೊಟ್ಟಿಲಲ್ಲಿ ಕೂರಿಸಿಕೊಂಡು ಉತ್ತರಕ್ಕೆ ಹೊರಡುತ್ತಾನೆ. ಇಲ್ಲಿ ನಾಯಕ ಅಳುತ್ತಾನೆ. ಬಾಯಿಬಿಟ್ಟು, ಮೂಗು ಸುರಿಸಿಕೊಂಡು, ಚೆಂದ ಕಾಣಬೇಕೆಂಬ ಯೋಚನೆಯೇ ಇಲ್ಲದೆ ಅಳುತ್ತಾನೆ. ನಾಯಕನೇ ಅತ್ತರೆ ಪ್ರೇಕ್ಷಕನ ಪಾಲಿಗೆ ಏನು ಉಳಿಯುತ್ತದೆ ಎಂಬ ಸಂದೇಹ ಹಳೆಯ ಚಿತ್ರಗಳನ್ನು ನೋಡಿ ಬೆಳೆದ ನನಗೆ ಸಹಜವಾಗಿಯೇ ಇತ್ತು. ಟಾಕೀಸಿನಲ್ಲಿ ಕಂಡದ್ದು ಆ ಸಂದೇಹವನ್ನು ಕಳೆಯಿತು. ನಮ್ಮ ಪಕ್ಕದ ಸಾಲಿನಲ್ಲಿ ಕಾಲೇಜು ಹುಡುಗರ ಗುಂಪೊಂದಿತ್ತು. ಮಧ್ಯಂತರದವರೆಗೂ ಸಿಳ್ಳೆ ಹಾಕುತ್ತಿದ್ದವರು ಕೊನೆಯ ಅರ್ಧ ಗಂಟೆ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಕೂತಿದ್ದರು. ದೀಪ ಹತ್ತಿದಾಗ ಯಾರೂ ಮುಖ ಮುಚ್ಚಿಕೊಳ್ಳಲಿಲ್ಲ. ನನ್ನ ಮಗ, ಆಗ ಹೈಸ್ಕೂಲಿನಲ್ಲಿದ್ದವನು, "ಅಪ್ಪಾ, ಕರ್ಚೀಫ್ ಕೊಡಿ" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ನಮ್ಮ ಕಾಲದ ಹುಡುಗರಾಗಿದ್ದರೆ ಅಂಗಿಯ ತೋಳಿನಲ್ಲೇ ಮುಗಿಸಿರುತ್ತಿದ್ದೆವು.

ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಈ ಚಿತ್ರ ನೋಡಿ ಕ್ಯಾಮೆರಾಗಳ ಎದುರೇ ಅತ್ತರು. ಅವರ ಮನೆಯ ನಾಯಿ ಸನ್ನಿ ಹಿಂದಿನ ವರ್ಷವಷ್ಟೇ ತೀರಿಕೊಂಡಿತ್ತು. ಚಿತ್ರಕ್ಕೆ ರಾಜ್ಯ ಸರ್ಕಾರ ತನ್ನ ಪಾಲಿನ ತೆರಿಗೆಯಿಂದ ಆರು ತಿಂಗಳ ವಿನಾಯಿತಿ ನೀಡಿತು, ಮುಂದೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ರಾಜಕೀಯವಾಗಿ ಅವರನ್ನು ಒಪ್ಪದವರು ಆ ಕಣ್ಣೀರನ್ನೂ ಟೀಕಿಸಿದರು. ನನಗೆ ಅದು ಸರಿಯೆನಿಸಲಿಲ್ಲ. ಗಂಡಸು ಅಳಬಾರದು ಎಂಬ ಪಾಠವನ್ನು ಅಧಿಕಾರದಲ್ಲಿರುವವರ ಮೇಲೆ ಇನ್ನಷ್ಟು ಗಟ್ಟಿಯಾಗಿ ಹೇರುವ ನಾಡಿನಲ್ಲಿ, ಒಂದು ನಾಯಿಯ ನೆನಪಿಗೆ ಮುಖ್ಯಮಂತ್ರಿಯೊಬ್ಬರು ಕಣ್ಣೊರೆಸಿಕೊಂಡದ್ದನ್ನು ಎಷ್ಟೋ ಮನೆಗಳ ಗಂಡುಮಕ್ಕಳು ಟಿವಿಯಲ್ಲಿ ನೋಡಿದರು. ಆ ನೋಟಕ್ಕೆ ಅದರದೇ ಬೆಲೆಯಿದೆ.

ಪುನೀತ್ ರಾಜ್‌ಕುಮಾರ್ ಅವರ ವಿಷಯ ಬರೆಯದೆ ಈ ಬರಹ ಮುಗಿಯುವುದಿಲ್ಲ. 2021ರ ಅಕ್ಟೋಬರ್ 29ರಂದು ಅವರು ಹೋದ ಮೇಲೆ, ಅವರ ಹುಟ್ಟುಹಬ್ಬದಂದು, 2022ರ ಮಾರ್ಚ್ 17ಕ್ಕೆ, 'ಜೇಮ್ಸ್' ಬಿಡುಗಡೆಯಾಯಿತು. ಡಬ್ಬಿಂಗ್ ಆಗದೆ ಉಳಿದಿದ್ದ ಆ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಹೊಡೆದಾಟದ ಆ ಚಿತ್ರದಲ್ಲಿ ಅಳುವಂಥ ಕಥೆಯೇನೂ ಇರಲಿಲ್ಲ, ಆದರೂ ತಮ್ಮನ ಮುಖ ಮತ್ತು ಅಣ್ಣನ ದನಿ ಒಟ್ಟಿಗೆ ಬಂದಾಗ ಗಂಡಸರು ಬಿಕ್ಕಿದರು. ಅದೇ ವರ್ಷ ಅಕ್ಟೋಬರ್ 28ರಂದು ಬಂದ 'ಗಂಧದ ಗುಡಿ'ಯಲ್ಲಂತೂ ಪಾತ್ರವೇ ಇಲ್ಲ, ವನ್ಯಜೀವಿ ಚಿತ್ರಕಾರ ಅಮೋಘವರ್ಷ ಅವರ ಜೊತೆ ಕರ್ನಾಟಕದ ಕಾಡುಗಳಲ್ಲಿ ಅಲೆಯುವ ಪುನೀತ್ ಮಾತ್ರ ಇದ್ದಾರೆ.

ಅವರು ಬಾಲಕನಾಗಿ ಅಭಿನಯಿಸಿ ರಾಷ್ಟ್ರಪ್ರಶಸ್ತಿ ಪಡೆದ 1985ರ 'ಬೆಟ್ಟದ ಹೂವು' ಚಿತ್ರವನ್ನು ಈಗ ಮತ್ತೆ ನೋಡಬೇಕು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಆ ಚಿತ್ರದ ರಾಮು ಬಡವರ ಮನೆಯ ಹುಡುಗ. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂಬ ಆಸೆಯಿಂದ ಕಾಡಿನ ಹೂಗಳನ್ನು ಹುಡುಕಿ ತಂದು ಮಾರಿ ಕಾಸಿಗೆ ಕಾಸು ಸೇರಿಸುತ್ತಾನೆ. ಹಣ ಕೂಡಿದಾಗ ಪುಸ್ತಕಕ್ಕೆ ಬದಲಾಗಿ ಚಳಿಯಲ್ಲಿ ನಡುಗುವ ಮನೆಯವರಿಗೆ ಕಂಬಳಿ ಕೊಂಡು ತರುತ್ತಾನೆ. ಅವನು ರಾಜೀವನ, ರವಿವರ್ಮನ ಕುಲದವನೇ. ವ್ಯತ್ಯಾಸವೆಂದರೆ ಅವನಿನ್ನೂ ಶಾಲೆಗೆ ಹೋಗುವ ವಯಸ್ಸಿನವನು, ಬಿಟ್ಟುಕೊಡುವುದನ್ನು ಆಗಲೇ ಕಲಿತುಬಿಟ್ಟಿದ್ದಾನೆ. ದೊಡ್ಡವರ ತ್ಯಾಗಕ್ಕಿಂತ ಹೆಚ್ಚು ನೋವು ಕೊಡುವುದು ಇದು, ಏಕೆಂದರೆ ಆ ಕಂಬಳಿ ತರಬೇಕಾದದ್ದು ಅವನ ಕೆಲಸವಾಗಿರಲಿಲ್ಲ. ಅಂಥ ಹುಡುಗರು ಬೆಳೆದು ಸಂಸಾರ ಹೊತ್ತು ಇವತ್ತು ಐವತ್ತು ದಾಟಿದ್ದಾರೆ, ಅವರಲ್ಲಿ ಹಲವರಿಗೆ ಬೇಕಾಗಿದ್ದ ಪುಸ್ತಕ ಯಾವುದೆಂದು ಅವರ ಮನೆಯವರಿಗೆ ಇಂದಿಗೂ ಗೊತ್ತಿಲ್ಲ.